ಹಾಡು ಬರೆದುಕೊಂಡವರ ಹಾದಿಯಲ್ಲಿ



ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ. ಈ ನಾಲ್ಕು ಊರುಗಳ ಹೆಸರು ಕೇಳಿದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ರಾಣಿ ಚೆನ್ನಮ್ಮನ ಕೋಟೆ, ಹತ್ತಿಯ ಪೇಟೆ, ಎಲ್ಲಮ್ಮನ ಗುಡ್ಡ, ಕೈಮಗ್ಗದ ಸೀರೆ, ಅಲ್ಲವೇನ್ರೀ? ಎಲ್ಲವೂ ಸರಿಯೇ. ಆದರೆ ಮಲಪ್ರಭೆಯ ಈ ಸೀಮೆಗೆ ಇನ್ನೊಂದು ಹೆಚ್ಚುಗಾರಿಕೆಯೂ ಇದೆ. ಇದು ಹಾಡಿನ ಸೀಮೆ. ಇಲ್ಲಿಯ ಹಾಡುಗಳನ್ನು ಬರೆದುಕೊಳ್ಳಲು ನೂರಾನಲವತ್ತು ವರ್ಷಗಳಿಂದ ವಿದ್ವಾಂಸರು ಬರುತ್ತಲೇ ಇದ್ದಾರೆ.

ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ಪಂಡಿತರ ವಿಷಯ ಹೇಳುವಷ್ಟು ಓದು ನನಗೆಲ್ಲಿಂದ ಬಂತು ಎಂದು ನೀವು ಕೇಳಬಹುದು. ನನ್ನ ಮೈದುನ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾನೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅವನ ಕಪಾಟಿನ ಪುಸ್ತಕ ತೆಗೆದು ಓದುವುದು ನನಗೊಂದು ಚಟ. ಅಲ್ಲಿ ಸಿಕ್ಕವರೇ ಫ್ಲೀಟ್ ಸಾಹೇಬರು. ಅವರು ಹಾಡು ಹುಡುಕಿದ ಊರುಗಳನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನಿಸಿತು. ದೀಪಾವಳಿ ಮುಗಿದ ಮೇಲೆ ನಾನೂ ನನ್ನ ನಾದಿನಿಯೂ ಬುತ್ತಿ ಕಟ್ಟಿಕೊಂಡು ಧಾರವಾಡದಲ್ಲಿ ಬಸ್ಸು ಹತ್ತಿದೆವು.

ಮೊದಲು ಈ ಸಾಹೇಬರು ಯಾರು ಎಂದು ಹೇಳಿಬಿಡುತ್ತೇನೆ. ಜಾನ್ ಫೇತ್‌ಫುಲ್ ಫ್ಲೀಟ್ ಹುಟ್ಟಿದ್ದು 1847ರಲ್ಲಿ. ಇಪ್ಪತ್ತನೆಯ ವಯಸ್ಸಿಗೆ, 1867ರಲ್ಲಿ, ಮುಂಬಯಿ ಸರಕಾರದ ನೌಕರಿಗೆ ಬಂದರು. ನಮ್ಮ ಭಾಗದಲ್ಲಿ ಶಾಲೆಗಳ ತಪಾಸಣೆ ಮಾಡುವ ಅಧಿಕಾರಿಯಾಗಿದ್ದರು, ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಸಂಸ್ಥಾನಗಳ ಮೇಲ್ವಿಚಾರಣೆಯಲ್ಲೂ ಇದ್ದರು. ಕುದುರೆ ಏರಿ ಊರೂರು ತಿರುಗುವ ಕೆಲಸ. ತಿರುಗುತ್ತಾ ಕನ್ನಡ ಕಲಿತರು, ಹಳಗನ್ನಡ ಕಲಿತರು, ಗುಡಿಯ ಮುಂದಿನ ಕಲ್ಲಿನ ಬರಹ ಓದುವುದನ್ನು ಕಲಿತರು. 1883ರಲ್ಲಿ ಇಡೀ ಹಿಂದುಸ್ತಾನಕ್ಕೆ ಸರಕಾರದ ಮೊದಲನೆಯ ಶಾಸನತಜ್ಞರಾದರು. 1897ರಲ್ಲಿ ನಿವೃತ್ತರಾಗಿ ತಮ್ಮ ದೇಶಕ್ಕೆ ಹೋದರು, 1917ರಲ್ಲಿ ತೀರಿಕೊಂಡರು.

ಶಾಸನದ ಪಂಡಿತರಿಗೆ ಹಾಡಿನ ಗೊಡವೆ ಯಾಕೆ ಅಂತೀರಾ? ಅದೇ ಸ್ವಾರಸ್ಯ. ಕಲ್ಲು ಓದಲು ಊರಿಗೆ ಹೋದವರ ಕಿವಿಗೆ ಲಾವಣಿ ಬಿತ್ತು. ಆ ಲಾವಣಿಗಳನ್ನು ಬರೆದಿಟ್ಟುಕೊಂಡು, ಇಂಗ್ಲಿಷಿಗೆ ತಿರುಗಿಸಿ, ತಾವೇ ಸಂಪಾದಕರಲ್ಲಿ ಒಬ್ಬರಾಗಿದ್ದ ‘ಇಂಡಿಯನ್ ಆಂಟಿಕ್ವರಿ’ ಎಂಬ ಪತ್ರಿಕೆಯಲ್ಲಿ 1885ರಿಂದ ಒಂದೊಂದಾಗಿ ಅಚ್ಚು ಹಾಕಿಸಿದರು. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರು, ಇನ್‌ಕಮ್ ಟ್ಯಾಕ್ಸಿನ ಕಾಟ, ಬೈಲಹೊಂಗಲದ ಸಂಗ್ಯಾನ ಕೊಲೆ, ಕಿತ್ತೂರ ಚೆನ್ನವ್ವನ ಸೊಸೆ, ಹೀಗೆ ಐದು ಹಾಡು.

ಇಲ್ಲೊಂದು ಮಾತು ಗಮನಿಸಿರಿ. ಈ ಐದರಲ್ಲಿ ಹೆಚ್ಚಿನವು ಸರಕಾರದ ವಿರುದ್ಧ ಜನ ಕಟ್ಟಿದ ಹಾಡುಗಳು. ಆ ಸರಕಾರದ ಸಂಬಳ ಉಣ್ಣುವ ಅಧಿಕಾರಿಯೇ ಅವನ್ನು ಉಳಿಸಿದರು. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಐವತ್ನಾಲ್ಕು ವರ್ಷದ ಮೇಲೆ ಅವನ ಹಾಡು ಅಚ್ಚಾಯಿತು. ಅಷ್ಟು ವರ್ಷ ಅದು ಎಲ್ಲಿತ್ತು? ಕಾಗದದ ಮೇಲಲ್ಲ, ನಮ್ಮ ಹಿರಿಯರ ನಾಲಿಗೆಯ ಮೇಲೆ.

ಕಿತ್ತೂರು ಧಾರವಾಡದಿಂದ ಸುಮಾರು 30 ಕಿಲೋಮೀಟರು, ಬೆಳಗಾವಿಗೆ ಹೋಗುವ ದೊಡ್ಡ ರಸ್ತೆಯ ಮಗ್ಗುಲಲ್ಲೇ ಇದೆ. ಕೋಟೆಯ ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ಮುರಿದ ಗೋಡೆಗಳು. 1824ರ ಅಕ್ಟೋಬರ್ 23ರಂದು ಇಲ್ಲಿಯೇ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು. ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯ ತಂದು ಕೋಟೆ ಹಿಡಿದರು. ಅರಮನೆಯ ಊಟದ ಕೋಣೆ, ಬಚ್ಚಲು, ನೀರು ಹರಿಯಲು ಗೋಡೆಯೊಳಗೆ ಇಟ್ಟ ಕೊಳವೆ, ಧ್ರುವ ನಕ್ಷತ್ರ ನೋಡಲು ಬಿಟ್ಟ ಕಿಂಡಿ, ಇವನ್ನೆಲ್ಲ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಅಡಿಗೆಮನೆಯ ಜಾಗದಲ್ಲಿ ನನ್ನ ನಾದಿನಿ, “ಇಷ್ಟು ದೊಡ್ಡ ಮನಿಗೆ ದಿನಾ ಎಷ್ಟು ರೊಟ್ಟಿ ಬಡೀತಿದ್ರೋ ಏನೋ ವೈನಿ!” ಅಂದಳು. ಹೆಂಗಸರು ಕೋಟೆ ನೋಡಿದರೆ ಹೀಗೇ ನೋಡಿರಿ!

ಚೆನ್ನವ್ವನ ಸೊಸೆಯ ಮೇಲೂ ಹಾಡಿದೆ ಎಂದೆನಲ್ಲ, ಅದರ ತಲೆಬರಹ ನೆನಪಾಗಿ ಕೋಟೆಯಲ್ಲಿಯೇ ನಗು ಬಂತು. ಅರಮನೆಯ ಹೆಣ್ಣಾದರೂ ತಲೆಬರಹದಲ್ಲಿ ಅವಳ ಹೆಸರಿಲ್ಲ. ಇಂಥವರ ಸೊಸೆ, ಅಷ್ಟೇ. ನಮ್ಮ ನಿಮ್ಮ ಓಣಿಯಲ್ಲಿ ನಮ್ಮನ್ನು ಕರೆಯುವುದೂ ಹಾಗೆಯೇ ಅಲ್ಲವೇ?

ಸಂಜೆ ಬೈಲಹೊಂಗಲಕ್ಕೆ ಹೋಗಿ ಬಳಗದವರ ಮನೆಯಲ್ಲಿ ಇಳಿದೆವು. ಕೋಟೆ ಬಿದ್ದ ಮೇಲೆ ಚೆನ್ನಮ್ಮನನ್ನು ಸೆರೆಯಲ್ಲಿ ಇಟ್ಟದ್ದು ಈ ಊರಿನಲ್ಲಿ. 1829ರ ಫೆಬ್ರುವರಿ 2ರಂದು ಅವಳು ಸೆರೆಯಲ್ಲಿಯೇ ಕಣ್ಣು ಮುಚ್ಚಿದಳು. ಅವಳ ಸಮಾಧಿ ಊರೊಳಗೇ ಇದೆ. ಬೆಳಿಗ್ಗೆ ಎದ್ದು ಹೂವು ಇಟ್ಟು ಬಂದೆವು.

ಬೈಲಹೊಂಗಲದ ಇನ್ನೊಂದು ಹಾಡು ಸಂಗ್ಯಾ-ಬಾಳ್ಯಾರದು. ಇದು ನಮ್ಮೂರಲ್ಲೇ ನಡೆದದ್ದು ಎಂದು ಊರವರು ಹೇಳುತ್ತಾರೆ. ಸಂಗ್ಯಾ ಸಿರಿವಂತರ ಮಗ, ಬಾಳ್ಯಾ ಅವನ ಜೀವದ ಗೆಳೆಯ. ಸಂಗ್ಯಾನ ಕಣ್ಣು ಗಂಗಿ ಎಂಬ ಗೃಹಸ್ಥರ ಮನೆಯ ಹೆಣ್ಣುಮಗಳ ಮೇಲೆ ಬೀಳುತ್ತದೆ. ಪಾರವ್ವ ಎಂಬ ಮುದುಕಿ ನಡುವೆ ಕೂತು ಕೆಲಸ ಕೆಡಿಸುತ್ತಾಳೆ. ಕಡೆಗೆ ಗಂಗಿಯ ಗಂಡನ ಮನೆಯವರ ಕೈಗೆ ಗೆಳೆಯನನ್ನು ಹಿಡಿದುಕೊಡುವವನು ಬಾಳ್ಯಾನೇ. ದೇವರಿಲ್ಲ, ರಾಕ್ಷಸರಿಲ್ಲ, ನಮ್ಮ ಮನೆಯ ಮಗ್ಗುಲಲ್ಲೇ ನಡೆಯಬಹುದಾದ ಕಥೆ. ಇಂಥ ಆಟಕ್ಕೆ ಸಣ್ಣಾಟ ಎನ್ನುತ್ತಾರೆ. ರಾತ್ರಿಯೆಲ್ಲ ನಡೆಯುತ್ತದೆ.

ಫ್ಲೀಟ್ ಸಾಹೇಬರು ಸಂಗ್ಯಾನ ಲಾವಣಿಯನ್ನು ಬರೆದುಕೊಂಡು ಹೋದರು. ಮುಂದೆ ಇದೇ ಜಿಲ್ಲೆಯ ಘೋಡಗೇರಿಯ ಹುಡುಗನೊಬ್ಬ ಸಂಗ್ಯಾ-ಬಾಳ್ಯಾ ಆಟವನ್ನು ಕೈಗೆತ್ತಿಕೊಂಡ. 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರ ಹೆಸರು ನೀವೆಲ್ಲ ಕೇಳಿದ್ದೀರಿ. ಸಂಗ್ಯಾ-ಬಾಳ್ಯಾ ಕುರಿತು ಅವರ ಪುಸ್ತಕ 1966ರಲ್ಲಿ ಬಂತು. ಹಳ್ಳಿಯ ಆಟಗಳ ಮೇಲೆಯೇ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. 1968ರಲ್ಲಿ ‘ಬಣ್ಣಿಸಿ ಹಾಡವ್ವ ನನ್ನ ಬಳಗ’ ಎಂಬ ಹಾಡುಗಳ ಸಂಗ್ರಹ ತಂದರು. ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದದ್ದು, 2010ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತಿರುವ ಮಾತು. ಕುದುರೆಯ ಮೇಲೆ ಬಂದ ಸಾಹೇಬರು ಹೊರಗೆ ನಿಂತು ಕೇಳಿದರು. ಕಂಬಾರರು ಆ ಹಾಡು ಕೇಳುತ್ತಲೇ ಬೆಳೆದವರು.

ಆದರೂ ಒಂದು ಸಂಗತಿ ನನಗೆ ಕಾಡುತ್ತದೆ ನೋಡ್ರಿ. ಆ ಕಥೆ ನಿಂತಿರುವುದೇ ಗಂಗಿಯ ಮೇಲೆ, ಹೆಸರು ಮಾತ್ರ ಸಂಗ್ಯಾ-ಬಾಳ್ಯಾರದು. ಲಾವಣಿ ಹಾಡುವವರು ಗಂಡಸರು, ಕೇಳುವವರು ಚಾವಡಿಯ ಗಂಡಸರು, ಬರೆದುಕೊಂಡವರೂ ಗಂಡಸರು. ಒಲೆಯ ಮುಂದೆ, ಬೀಸುವ ಕಲ್ಲಿನ ಮುಂದೆ ನಡೆದ ಹಾಡು ಅವರ ಕಿವಿಗೆ ಬೀಳುವುದಾದರೂ ಹೇಗೆ? ಬ್ರಿಟಿಷ್ ಅಧಿಕಾರಿ ಪಡಸಾಲೆ ದಾಟಿ ಒಳಗೆ ಬರುವಂತಿರಲಿಲ್ಲ. 1931ರಲ್ಲಿ ‘ಗರತಿಯ ಹಾಡು’ ಬಂತಲ್ಲ, ಆಗ ನಮ್ಮ ಹಾಡಿಗೆ ಪುಸ್ತಕದ ಭಾಗ್ಯ ಬಂತು. ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ, ಕಾಪಸೆ ರೇವಪ್ಪ, ಈ ಗೆಳೆಯರು ಹೆಂಗಸರ ಬಾಯಿಂದ ಹಾಡು ಕೇಳಿ ಬರೆದರು. ತಮ್ಮೂರಿನ ಮಕ್ಕಳು ಎಂದು ಹೆಂಗಸರು ಸಂಕೋಚ ಬಿಟ್ಟು ಹಾಡಿದ್ದಾರು.

ಬೈಲಹೊಂಗಲದಿಂದ ಸವದತ್ತಿಗೆ ಬಸ್ಸು ಹಿಡಿದೆವು. ಜೋಳದ ಹೊಲ, ಕಡಲೆಯ ಹೊಲ, ಕರಿಮಣ್ಣು. ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು ಇಲ್ಲೇ ಹತ್ತಿರ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ, ರಟ್ಟ ಅರಸರ ರಾಜಧಾನಿ. ಫ್ಲೀಟ್ ಸಾಹೇಬರು ನೌಕರಿಗೆ ಬಂದ ಹೊಸದರಲ್ಲಿಯೇ ರಟ್ಟರ ಶಾಸನಗಳನ್ನು ಓದಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಅವರ ಕೀರ್ತಿ ಶುರುವಾದದ್ದು ನಮ್ಮ ಈ ಕಲ್ಲುಗಳಿಂದ ಎಂದರೂ ತಪ್ಪಿಲ್ಲ.

ಊರಿನಿಂದ ಸ್ವಲ್ಪ ದೂರದಲ್ಲಿ ಎಲ್ಲಮ್ಮನ ಗುಡ್ಡ. ಜೋಗುಳಬಾವಿಯಲ್ಲಿ ಕೈಕಾಲು ತೊಳೆದು, ಎಣ್ಣೆಹೊಂಡದ ನೀರು ತಲೆಗೆ ಚಿಮುಕಿಸಿಕೊಂಡು ಮೇಲೆ ಹೋದೆವು. ಹುಣ್ಣಿಮೆಯ ದಿನಗಳಲ್ಲಿ ಇಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ಎತ್ತಿನ ಬಂಡಿ, ಟ್ರ್ಯಾಕ್ಟರುಗಳಲ್ಲಿ ಬಂದು ಬಯಲಲ್ಲೇ ಒಲೆ ಹೂಡಿ, ಹೋಳಿಗೆ ಕಡಬು ಮಾಡಿ ಪರಡಿ ತುಂಬುತ್ತಾರೆ. ನಾವು ಹೋದದ್ದು ಸಾದಾ ದಿನ, ಸಮಾಧಾನದಿಂದ ದರ್ಶನವಾಯಿತು.

ಗುಡಿಯ ಹೊರಗೆ ಮರದ ನೆರಳಲ್ಲಿ ಕೂತು ಇಬ್ಬರು ಜೋಗತಿಯರು ಹಾಡುತ್ತಿದ್ದರು. ಒಬ್ಬಾಕೆಯ ಬಗಲಲ್ಲಿ ಚೌಡಿಕೆ. ನೀವು ನೋಡಿರದಿದ್ದರೆ ಹೇಳುತ್ತೇನೆ ಕೇಳಿರಿ. ಡಬ್ಬಿಯ ಆಕಾರದ ವಾದ್ಯ, ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಒಂದೇ ತಂತಿ. ತಂತಿಯನ್ನು ಬಿಗಿ ಮಾಡಿ ಸಡಿಲ ಮಾಡಿ ಮೀಟಿದರೆ ಸ್ವರ ಏರುತ್ತದೆ, ಇಳಿಯುತ್ತದೆ. ಮನುಷ್ಯರು ಮಾತಾಡಿದ ಹಾಗೆಯೇ ಕೇಳುತ್ತದೆ. ರೇಣುಕೆಯ ಕಥೆಯನ್ನು ಅವರು ರಾತ್ರಿಯೆಲ್ಲ ಹಾಡಬಲ್ಲರು. ಈ ಗುಡ್ಡಕ್ಕೆ ಫ್ರಾನ್ಸಿನಿಂದ, ಅಮೆರಿಕದಿಂದಲೂ ವಿದ್ವಾಂಸರು ಬಂದು ಪುಸ್ತಕ ಬರೆದಿದ್ದಾರೆ. ಬಳ್ಳಾರಿ ಕಡೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಟಿ.ವಿ.ಯಲ್ಲಿ ನೋಡಿ ಹಿಗ್ಗಿದೆವು.

ಆದರೆ ನಾವು ಹೆಂಗಸರು ಇಲ್ಲಿ ಒಂದು ಮಾತು ಮರೆಯಬಾರದು. ನಾಲ್ಕು ಜನರ ನಡುವೆ ಹೆಣ್ಣು ಗಂಟಲು ಬಿಚ್ಚಿ ಹಾಡುವ ಹಕ್ಕು ಹಳೆಯ ಕಾಲದಲ್ಲಿ ಹೆಚ್ಚಾಗಿ ಮುತ್ತು ಕಟ್ಟಿಸಿಕೊಂಡವರಿಗೆ ಮಾತ್ರ ಇತ್ತು. ಅದಕ್ಕೆ ಅವರು ತೆತ್ತ ಬೆಲೆ ಇಡೀ ಬಾಳು. 1982ರ ಕಾಯಿದೆ ನಮ್ಮ ರಾಜ್ಯದಲ್ಲಿ ದೇವದಾಸಿ ಬಿಡುವುದನ್ನು ಅಪರಾಧ ಮಾಡಿತು, ಒಳ್ಳೆಯದೇ ಆಯಿತು. ಪದ್ಧತಿ ಹೋಗಲಿ, ಹಾಡು ಉಳಿಯಲಿ. ಮುತ್ತು ಕಟ್ಟದೆಯೂ ಚೌಡಿಕೆ ಕಲಿಯಬಹುದು, ಕಲಿಸಬಹುದು.

ಸವದತ್ತಿಯಿಂದ ರಾಮದುರ್ಗ. 1948ರವರೆಗೆ ಭಾವೆ ಮನೆತನದವರ ಸಂಸ್ಥಾನ. ಈಗಲೂ ಕೆಲವು ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತದೆ. ಇದೇ ತಾಲೂಕಿನ ಹುಲಕುಂದ ಎಂಬ ಊರಿನ ಭೀಮಕವಿ ಗೀಗೀ ಪದ ಕಟ್ಟುವುದರಲ್ಲಿ ದೊಡ್ಡ ಹೆಸರು. ಸ್ವಾತಂತ್ರ್ಯದ ಚಳವಳಿಯ ಕಾಲದಲ್ಲಿ ದೇಶಭಕ್ತಿಯನ್ನು ಊರೂರಿಗೆ ಮುಟ್ಟಿಸಿದ್ದು ಇಂಥವರ ಡಪ್ಪು, ತುಂತುಣಿಗಳೇ. ಗೀಗೀ ಮೇಳದಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿದರೆ, ನಾಗೇಶಿಯವರು ಹೆಣ್ಣೇ ಹೆಚ್ಚು ಎಂದು ಎದುರು ಹಾಡುತ್ತಾರೆ. ರಾತ್ರಿಯೆಲ್ಲ ವಾದ ನಡೆದರೂ ಗೆದ್ದವರು ಯಾರು ಎಂಬುದು ಬೆಳಗಿನವರೆಗೂ ತೀರ್ಮಾನವಾಗುವುದಿಲ್ಲ. ನಮ್ಮ ಮನೆಗಳಲ್ಲಿಯೂ ಹಾಗೆಯೇ ತಾನೆ!

ರಾಮದುರ್ಗದಲ್ಲಿ ನನ್ನ ಸೋದರತ್ತಿಯ ಮನೆ. ಊಟವಾದ ಮೇಲೆ ಮಾತು ಮೊಹರಮ್ಮಿನ ಮೇಲೆ ಬಂತು. ನಮ್ಮ ಭಾಗದ ಎಷ್ಟೋ ಹಳ್ಳಿಗಳಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲದಿದ್ದರೂ ಅಲಾಯಿ ದೇವರು ಕೂಡುತ್ತಾರೆ. ಆಗ ಹಾಡುವುದು ರಿವಾಯತ್ ಪದ. ರಿವಾಯತ್ ಅನ್ನುವುದು ಅರಬ್ಬಿಯಿಂದ ಬಂದ ಮಾತು, ಕಥೆ ಹೇಳುವುದು ಎಂದರ್ಥ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಹುಸೇನರು ನೀರಿಲ್ಲದೆ ಬಳಲಿ ಮಡಿದ ಕಥೆಯನ್ನು ನಮ್ಮ ರೈತರು ಅಪ್ಪಟ ಕನ್ನಡದಲ್ಲಿ ಹಾಡುತ್ತಾರೆ. ಅರಬ್ಬರ ನಾಡಿನ ತಾಯಂದಿರ ದುಃಖಕ್ಕೆ ನಮ್ಮ ಹಳ್ಳಿಯ ತಾಯಂದಿರು ಕಣ್ಣೀರು ಹಾಕುತ್ತಾರೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿದ್ದ ರಹಮತ್ ತರೀಕೆರೆಯವರು ಊರೂರು ಅಲೆದು ‘ಕರ್ನಾಟಕದ ಮೊಹರಂ’ ಎಂಬ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ.

ಅರಬ್ಬರ ಹಾಡು ಬರೆದುಕೊಳ್ಳಲು ಹೋದವರೂ ಇದ್ದಾರೆ. ಹಂಗೇರಿ ದೇಶದ ಬೇಲಾ ಬಾರ್ಟೋಕ್ ಎಂಬ ಸಂಗೀತಗಾರ 1913ರಲ್ಲಿ ಅಲ್ಜೀರಿಯಾದ ಮರುಭೂಮಿಯ ಅಂಚಿನ ಬಿಸ್ಕ್ರಾಕ್ಕೆ ಯಂತ್ರ ಹೊತ್ತುಕೊಂಡು ಹೋಗಿ, ಮೇಣದ ಉರುಳೆಗಳ ಮೇಲೆ ಹಳ್ಳಿಗರ ಹಾಡು ಹಿಡಿದು ತಂದ. ಅವನಿಗೆ ಜನಪದದ ಹುಚ್ಚು ಹತ್ತಿದ್ದು ಹೇಗೆ ಗೊತ್ತೇ? 1904ರಲ್ಲಿ ಪಕ್ಕದ ಕೋಣೆಯಲ್ಲಿ ಮಗುವನ್ನು ಆಡಿಸುತ್ತಿದ್ದ ಕೆಲಸದ ಹುಡುಗಿ ತನ್ನಷ್ಟಕ್ಕೆ ಹಾಡಿಕೊಂಡದ್ದನ್ನು ಕೇಳಿ! ಅಷ್ಟು ದೊಡ್ಡ ವಿದ್ವಾಂಸನಿಗೆ ದಾರಿ ತೋರಿದ್ದು ಕೆಲಸ ಮಾಡುತ್ತಾ ಹಾಡಿದ ಒಬ್ಬ ಹೆಣ್ಣುಮಗಳು.

ಇದನ್ನು ನಾನು ಅತ್ತಿಗೆ ಹೇಳಿ, “ನೀವೂ ಒಂದ ಹಾಡು ಹೇಳ್ರಿ ಅತ್ತಿ” ಅಂದೆ. ಎಂಬತ್ತು ದಾಟಿದ ಜೀವ. “ನಮ್ಮದೇನ್ ಹಾಡಬೇ ಯವ್ವಾ, ಅದೆಲ್ಲಾ ಬೀಸೂ ಕಲ್ಲಿನ ಮುಂದಿನ ಮಾತು. ಸುಮ್ಮ ಕುಂತ್ರ ಬರಂಗಿಲ್ಲ, ಕೈ ತಿರುಗಬೇಕು” ಅಂದರು. ಹಿತ್ತಲಲ್ಲಿ ಮೂಲೆಗೆ ಬಿದ್ದಿದ್ದ ಬೀಸುವ ಕಲ್ಲನ್ನು ತೊಳೆದು ಒಳಗೆ ತಂದೆವು. ಅರ್ಧ ಸೇರು ಜೋಳ ಹಾಕಿ, ಎದುರಿಗೆ ಅವರ ಸೊಸೆ ಕೂತು ಗೂಟ ಹಿಡಿದಳು. ಭಾರವೆಲ್ಲ ಸೊಸೆಯದು, ಅತ್ತಿಯ ಕೈ ಬರೇ ಜೊತೆಗೆ ತಿರುಗುತ್ತಿತ್ತು. ಕಲ್ಲು ನಾಲ್ಕು ಸುತ್ತು ಬಂದಿತೋ ಇಲ್ಲವೋ, ಹಾಡು ತಾನಾಗಿ ಬಂತು.

ಅರ್ಧ ಸೇರು ಜೋಳ ಮುಗಿಯುವುದರೊಳಗೆ ನಾನು 26 ತ್ರಿಪದಿ ಬರೆದುಕೊಂಡೆ. ತವರಿನ ಹಾಡು, ಅಣ್ಣನ ಹಾಡು, ಮಲ್ಲಯ್ಯನ ಹಾಡು. ನಡುವೆ ಒಂದು ತ್ರಿಪದಿಯಲ್ಲಿ ಒಂದು ಹೆಣ್ಣುಮಗುವಿನ ಹೆಸರು ಬಂತು. ಸೊಸೆ ಕೈ ನಿಲ್ಲಿಸಿ, “ಇದ್ಯಾರ ಹೆಸರ್ರಿ ಅತ್ತಿ?” ಎಂದು ಕೇಳಿದಳು. “ನನ್ನ ಮೊದಲನೇ ಮಗಳವ್ವ. ಮೂರು ವರ್ಷದಾಕಿ ಇದ್ದಾಗ ಹೋದಳು” ಅಂದರು ಅತ್ತಿ, ಮತ್ತೆ ಕಲ್ಲು ತಿರುಗಿಸಿದರು.

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಬಾಳಿದ ಸೊಸೆಗೆ ಆ ಮಗುವಿನ ಸುದ್ದಿಯೇ ಗೊತ್ತಿರಲಿಲ್ಲ. ಮಕ್ಕಳಿಗೂ ಗೊತ್ತಿರಲಿಲ್ಲ. ಆ ಮಗುವಿನ ಫೋಟೋ ಇಲ್ಲ, ಯಾವ ಕಾಗದದಲ್ಲೂ ಅದರ ಹೆಸರಿಲ್ಲ. ಅರವತ್ತು ವರ್ಷ ಆ ಹೆಸರು ಬದುಕಿದ್ದು ಆ ಮೂರು ಸಾಲಿನಲ್ಲಿ ಮಾತ್ರ. ಹಿಟ್ಟಿನ ಗಿರಣಿ ಬಂದು ಕಲ್ಲು ಹಿತ್ತಲಿಗೆ ಹೋದಾಗ ಆ ಹೆಸರೂ ಅದರ ಜೊತೆಗೆ ಹಿತ್ತಲಿಗೆ ಹೋಗಿತ್ತು. ಗಿರಣಿ ಬಂದದ್ದು ಕೆಟ್ಟದ್ದಲ್ಲ. ನಸುಕಿನಲ್ಲಿ ಎದ್ದು ಬೀಸುವ ಕಷ್ಟ ಪಟ್ಟವರೇ ಬಲ್ಲರು. ಆದರೆ ಕಷ್ಟ ಹೋಗುವಾಗ ಹಾಡನ್ನಾದರೂ ನಾವು ಹಿಡಿದಿಟ್ಟುಕೊಳ್ಳಬೇಕಲ್ಲವೇ?

ಯಾವ ಫ್ಲೀಟ್ ಸಾಹೇಬರಿಗೂ, ಯಾವ ಪ್ರೊಫೆಸರರಿಗೂ ಈ ಹಾಡು ಸಿಗುತ್ತಿರಲಿಲ್ಲ. ಅಡಿಗೆಮನೆಯೊಳಗಿನ ಹಾಡು ಅಡಿಗೆಮನೆಯೊಳಗಿನವರಿಗೇ ಸಿಗಬೇಕು. ಆದ್ದರಿಂದ ಈ ಕೆಲಸ ನಿಮ್ಮದು, ನನ್ನದು. ಹೇಗೆ ಮಾಡಬೇಕು ಎಂದು ಮೈದುನನನ್ನು ಕೇಳಿ ತಿಳಿದದ್ದನ್ನು, ನಾನು ಕಂಡದ್ದನ್ನು ಇಲ್ಲಿ ಹೇಳುತ್ತೇನೆ.

ಹಿರಿಯರನ್ನು “ಹಾಡು ಹೇಳಿರಿ” ಎಂದು ಕೂಡಿಸಬೇಡಿರಿ. ಕೈಗೆ ಕೆಲಸ ಕೊಡಿರಿ: ಬೀಸುವುದು, ಅಕ್ಕಿ ಹಸನು ಮಾಡುವುದು, ತೊಟ್ಟಿಲು ತೂಗುವುದು. ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಧ್ವನಿ ಹಿಡಿಯಿರಿ. ಹಾಡು ಕಾಗದಕ್ಕೆ ಬಂದರೂ ಧಾಟಿ ಕಾಗದಕ್ಕೆ ಬರುವುದಿಲ್ಲ. ಆಮೇಲೆ ನೋಟುಬುಕ್ಕಿನಲ್ಲಿ ಬರೆಯಿರಿ. ಅವರು ಅಂದ ಹಾಗೆಯೇ ಬರೆಯಬೇಕು, “ಇದು ತಪ್ಪು” ಎಂದು ಪುಸ್ತಕದ ಮಾತಿಗೆ ತಿದ್ದಬಾರದು. ತಿಳಿಯದ ಮಾತಿದ್ದರೆ ಹಾಡು ಮುಗಿದ ಮೇಲೆ ಕೇಳಿ, ಅರ್ಥವನ್ನು ಮಗ್ಗುಲಿಗೆ ಬರೆದಿಡಿರಿ. ಹಾಡಿದವರ ಹೆಸರು, ತವರೂರು, ಹಾಡು ಕಲಿತದ್ದು ಯಾರಿಂದ, ಬರೆದ ತಾರೀಖು, ಇವಿಷ್ಟು ಮರೆಯದೆ ಹಾಕಿರಿ. ಹೆಸರು ಬರೆಯುವಾಗ ಇಂಥವರ ಸೊಸೆ, ಇಂಥವರ ಹೆಂಡತಿ ಎಂದಲ್ಲ, ಅವರ ಸ್ವಂತ ಹೆಸರು!

ಹೋಗಿಬರುವವರಿಗೆ ನಾಲ್ಕು ಮಾತು. ಕಿತ್ತೂರು ಉತ್ಸವ ಅಕ್ಟೋಬರ್ 23ರ ಸುಮಾರಿಗೆ ನಡೆಯುತ್ತದೆ, ಆಗ ಹೋದರೆ ಜನಪದ ಮೇಳಗಳನ್ನೂ ನೋಡಬಹುದು. ಸಂಗೊಳ್ಳಿ ಬೈಲಹೊಂಗಲ ತಾಲೂಕಿನಲ್ಲೇ ಇದೆ, ಸಮಯವಿದ್ದರೆ ಬಿಡಬೇಡಿರಿ. ಗುಡ್ಡಕ್ಕೆ ಹುಣ್ಣಿಮೆ ಬಿಟ್ಟು ಹೋದರೆ ಮಕ್ಕಳು ಮುದುಕರಿಗೆ ಅನುಕೂಲ. ನಾಲ್ಕು ಊರಿಗೂ ಸರಕಾರಿ ಬಸ್ಸುಗಳಿವೆ. 2023ರ ಜೂನ್ ತಿಂಗಳಿನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾದಾ ಬಸ್ಸಿನಲ್ಲಿ ನಮಗೆ ಟಿಕೆಟ್ಟಿನ ಚಿಂತೆ ಇಲ್ಲ. ಗುರುತಿನ ಚೀಟಿ ಮಾತ್ರ ಜೊತೆಗಿರಲಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ ಕಟ್ಟಿಕೊಂಡರೆ ಎರಡು ದಿನ ಕೆಡುವುದಿಲ್ಲ. ಆ ಬುತ್ತಿಯ ಚೀಲದಲ್ಲಿಯೇ ನೂರು ಪುಟದ ಒಂದು ನೋಟುಬುಕ್ಕು, ಒಂದು ಪೆನ್ನು ಇಟ್ಟುಕೊಂಡು ಹೊರಡಿರಿ. ಹಾದಿಯಲ್ಲಿ ಯಾರಾದರೂ ಅತ್ತಿ, ಕಾಕು, ಆಯಿ ಸಿಕ್ಕೇ ಸಿಗುತ್ತಾರೆ.